ಚೆಸ್ ಎಂಜಿನ್‌ಗೆ ಯಾವ ಓಪನಿಂಗ್ ಬುಕ್ ಸರಿ?

ನಾನು ಬರೆದ ಪುಟ್ಟ ಚೆಸ್ ಎಂಜಿನ್ (ಚೆಸ್ ಆಡುವ ಪ್ರೋಗ್ರಾಮ್) ಜೊತೆ ಅಣ್ಣನ ಮಗ ಆಡುತ್ತಿದ್ದ. ಎಂಜಿನ್‌ಗೆ ಬಿಳಿ ಕಾಯಿ. ಅವನು ಸಿಸಿಲಿಯನ್ ಅನ್ನುವ ಓಪನಿಂಗ್ ಆಡಿದ. ಎಂಜಿನ್ ತನ್ನ ಓಪನಿಂಗ್ ಬುಕ್ (ಆಟದ ಆರಂಭದ ನಡೆಗಳನ್ನು ಬರೆದಿಟ್ಟ ಫೈಲ್) ನೋಡಿಕೊಂಡು ಮೊರಾ ಗ್ಯಾಂಬಿಟ್‌ಗೆ ಇಳಿಯಿತು. ಎರಡನೇ ನಡೆ ಡಿ4, ಮೂರನೇ ನಡೆ ಸಿ3. ಒಂದು ಕಾಲಾಳು ಬಿಟ್ಟುಕೊಟ್ಟು ಕುದುರೆಯನ್ನು ಸಿ3ಗೆ ತಂದಿತು. ಏಳನೇ ನಡೆಗೆ ಕ್ಯಾಸ್ಲಿಂಗ್ ಕೂಡ ಆಯಿತು. ಎಲ್ಲವೂ ಪಟಪಟ ಅಂತ, ಒಂದು ಸೆಕೆಂಡೂ ಯೋಚಿಸದೆ. ನೋಡಿದರೆ ಯಾರೋ ಮಾಸ್ಟರ್ ಆಡುತ್ತಿದ್ದಾರೆ ಅನ್ನಿಸಬೇಕು.

ಅಲ್ಲಿಗೆ ಬುಕ್ ಮುಗಿಯಿತು. ಮನುಷ್ಯರಾದರೆ ಇಲ್ಲಿ ರಾಣಿಯನ್ನು ಇ2ಗೆ, ಆನೆಯನ್ನು ಡಿ1ಗೆ ತಂದು ತೆರೆದ ಸಾಲಿನಲ್ಲಿ ಒತ್ತಡ ಹಾಕುತ್ತಾರೆ. ಕಾಲಾಳು ಕೊಟ್ಟಿದ್ದೇ ಅದಕ್ಕೆ. ನನ್ನ ಎಂಜಿನ್ ಒಂಟೆಯನ್ನು ಜಿ5ಗೆ ಇಟ್ಟು ಎದುರಾಳಿಯ ಕುದುರೆಯನ್ನು ಹೊಡೆಯಿತು. ಆಮೇಲೆ ಇನ್ನೊಂದು ಜೋಡಿ ಕುದುರೆ, ಆಮೇಲೆ ರಾಣಿಯರು. ಕಾಯಿಗಳೆಲ್ಲ ಖಾಲಿಯಾದ ಮೇಲೆ ಉಳಿದದ್ದು ಒಂದು ಕಾಲಾಳು ಕಮ್ಮಿ ಇರುವ ಎಂಡ್‌ಗೇಮ್.

"ಚಿಕ್ಕಪ್ಪ, ಕಾಲಾಳು ಕೊಟ್ಟಿದ್ದು ಯಾಕೆ ಅಂತ ಅದಕ್ಕೇ ಗೊತ್ತಿಲ್ವಾ?" ಅಂತ ಕೇಳಿದ.

ಗೊತ್ತಿಲ್ಲ. ಬುಕ್ಕಿನಲ್ಲಿ ನಡೆ ಇತ್ತು, ಕಾರಣ ಇರಲಿಲ್ಲ. ಮನುಷ್ಯರು ನೂರಾರು ವರ್ಷ ಆಡಿ ಕಂಡುಕೊಂಡ ಓಪನಿಂಗ್ ಜ್ಞಾನವನ್ನು ಪ್ರೋಗ್ರಾಮಿಗೆ ಕೊಡುವಾಗ ಎಲ್ಲರೂ ಎಡವುವುದು ಇಲ್ಲೇ. ಅದಕ್ಕೇ ಈ ಬರಹ. ಬುಕ್ ಬೇಕೋ ಬೇಡವೋ, ಬೇಕಾದರೆ ಯಾವ ಥರದ್ದು, ಯಾವುದು ಯಾರಿಗೆ ಸರಿ ಅಂತ ನೋಡೋಣ. ನೀವೇ ಎಂಜಿನ್ ಬರೆಯುತ್ತಿದ್ದರೂ ಸರಿ, ಬೇರೆಯವರ ಎಂಜಿನ್‌ಗೆ ಬುಕ್ ಜೋಡಿಸುತ್ತಿದ್ದರೂ ಸರಿ.

ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಿಕೊಳ್ಳಿ. ಎಂಜಿನ್ ಯಾರ ಜೊತೆ ಆಡಬೇಕು? ಬೇರೆ ಎಂಜಿನ್‌ಗಳನ್ನು ಸೋಲಿಸಬೇಕಾ, ಮನುಷ್ಯರಿಗೆ ಒಳ್ಳೆಯ ಜೊತೆಗಾರ ಆಗಬೇಕಾ, ಅಥವಾ ನೀವು ಕೋಡ್‌ನಲ್ಲಿ ಮಾಡಿದ ಬದಲಾವಣೆ ಕೆಲಸ ಮಾಡಿತಾ ಅಂತ ಪರೀಕ್ಷಿಸಬೇಕಾ? ಮೂರಕ್ಕೂ ಮೂರು ಬೇರೆ ಉತ್ತರ ಇವೆ. ಇದನ್ನು ಕೇಳಿಕೊಳ್ಳದೆ ಎಲ್ಲಕ್ಕಿಂತ ದೊಡ್ಡ ಫೈಲ್ ಡೌನ್‌ಲೋಡ್ ಮಾಡುವುದು ನಾನು ಅತಿ ಹೆಚ್ಚು ನೋಡಿರುವ ತಪ್ಪು.

ಬುಕ್ ಇಲ್ಲದೆ ಆಡಿಸುವುದು

ಇವತ್ತಿನ ಅತಿ ಗಟ್ಟಿ ಎಂಜಿನ್‌ಗಳಲ್ಲಿ ಒಂದಾದ ಸ್ಟಾಕ್‌ಫಿಶ್ ಒಳಗೆ ಬುಕ್ ಇಲ್ಲ. ಮೊದಲ ನಡೆಯಿಂದಲೇ ತಾನೇ ಲೆಕ್ಕ ಹಾಕುತ್ತದೆ, ಚೆನ್ನಾಗಿಯೇ ಆಡುತ್ತದೆ. ಹಾಗಾದರೆ ನಮಗೆ ಯಾಕೆ ಬೇಕು ಅಂತ ಅನ್ನಿಸುವುದು ಸಹಜ.

2017ರ ಡಿಸೆಂಬರ್‌ನಲ್ಲಿ ಡೀಪ್‌ಮೈಂಡ್ ಕಂಪನಿಯವರ ಆಲ್ಫಾಝೀರೋ ಎಂಜಿನ್ 100 ಆಟಗಳಲ್ಲಿ ಸ್ಟಾಕ್‌ಫಿಶ್ 8ನ್ನು 28 ಸಲ ಸೋಲಿಸಿತು. ಉಳಿದ 72 ಡ್ರಾ. ಆಲ್ಫಾಝೀರೋಗೆ ಮನುಷ್ಯರ ಒಂದು ಆಟವನ್ನೂ ತೋರಿಸಿರಲಿಲ್ಲ. ತನ್ನ ಜೊತೆ ತಾನೇ ಆಡಿಕೊಂಡು ಕಲಿತಿತ್ತು. ಹಾಗೆ ಕಲಿಯುತ್ತಾ ಮನುಷ್ಯರ ಓಪನಿಂಗ್‌ಗಳನ್ನೇ ಒಂದೊಂದಾಗಿ ಕಂಡುಕೊಂಡಿತು. ಫ್ರೆಂಚ್, ಕ್ಯಾರೋ-ಕಾನ್ ಎಲ್ಲ ಸ್ವಲ್ಪ ಹೊತ್ತು ಆಡಿ ಬಿಟ್ಟಿತು. ಇಂಗ್ಲಿಷ್ ಓಪನಿಂಗ್, ಕ್ವೀನ್ಸ್ ಗ್ಯಾಂಬಿಟ್ ಕಡೆ ವಾಲಿತು. ನನಗೆ ಇದು ಇಂದಿಗೂ ಮೈ ನವಿರೇಳಿಸುವ ವಿಷಯ. ನಮ್ಮ ಹಿರಿಯರು ಕೈಯಲ್ಲಿ ಕಾಯಿ ಹಿಡಿದು ಕಂಡುಕೊಂಡದ್ದು ಸುಳ್ಳಾಗಿರಲಿಲ್ಲ, ಅಲ್ವಾ?

ಆದರೆ ಆ ಪಂದ್ಯದಲ್ಲಿ ಸ್ಟಾಕ್‌ಫಿಶ್‌ಗೆ ಬುಕ್ ಕೊಟ್ಟಿರಲಿಲ್ಲ, ಇದು ನ್ಯಾಯವಲ್ಲ ಅಂತ ಬಹಳ ಜನ ತಕರಾರು ಎತ್ತಿದರು. 2018ರಲ್ಲಿ ಬಂದ ಪೂರ್ತಿ ಲೇಖನಕ್ಕೆ ಡೀಪ್‌ಮೈಂಡ್‌ನವರು ಗಟ್ಟಿ ಬುಕ್ ಇರುವ ಸ್ಟಾಕ್‌ಫಿಶ್ ಜೊತೆಗೂ ಆಡಿಸಿದರು. ಆಗಲೂ ಆಲ್ಫಾಝೀರೋನೇ ಗೆದ್ದಿತು.

ನಮ್ಮ ನಿಮ್ಮ ಎಂಜಿನ್ ಅಷ್ಟು ಗಟ್ಟಿ ಇರುವುದಿಲ್ಲ. ಸರಳ ಎಂಜಿನ್‌ಗೆ ಬುಕ್ ಇಲ್ಲದಿದ್ದರೆ ರಾಣಿಯನ್ನು ಬೇಗ ಹೊರಗೆ ತರುತ್ತದೆ, ಕುದುರೆಯನ್ನು ಮೂರು ಸಲ ಓಡಾಡಿಸುತ್ತದೆ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಪ್ರತಿ ಸಲವೂ ಅದೇ ನಡೆ, ಅದೇ ಆಟ. ಒಂದು ಸಲ ಸೋಲಿಸುವ ದಾರಿ ಸಿಕ್ಕಿತು ಅಂದರೆ ಎದುರಾಳಿ ಅದನ್ನೇ ನೂರು ಸಲ ಆಡಿ ಸೋಲಿಸಬಹುದು. ಮನೆಯಲ್ಲಿ ಆಡುವ ಮಕ್ಕಳಿಗೆ ಎರಡೇ ದಿನದಲ್ಲಿ ಬೇಜಾರಾಗುತ್ತದೆ.

ಬುಕ್ ಇಲ್ಲದಿರುವುದೇ ಸರಿಯಾದ ಜಾಗವೂ ಇದೆ. ಮಾಜಿ ವಿಶ್ವ ಚಾಂಪಿಯನ್ ಫಿಷರ್ ಹೇಳಿಕೊಟ್ಟ ಚೆಸ್960 ಆಡಿಸುತ್ತಿದ್ದರೆ ಕಾಯಿಗಳನ್ನು ಜೋಡಿಸುವ ರೀತಿಗಳೇ 960. ಯಾವ ಬುಕ್ಕೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಾಗೆಯೇ ನೀವು ಬರೆದ ಇವ್ಯಾಲ್ಯುಯೇಷನ್ (ಹಲಗೆಯ ಸ್ಥಿತಿಗೆ ಅಂಕ ಕೊಡುವ ಭಾಗ) ಎಷ್ಟು ಚೆನ್ನಾಗಿದೆ ಅಂತ ಕಣ್ಣಾರೆ ನೋಡಬೇಕಾದರೆ ಕೆಲವು ದಿನ ಬುಕ್ ಕಿತ್ತು ಆಡಿಸಿ. ತಪ್ಪುಗಳು ಮುಚ್ಚಿಕೊಳ್ಳದೆ ಎದುರಿಗೆ ನಿಲ್ಲುತ್ತವೆ.

ಕೈಯಾರೆ ಕಟ್ಟಿದ ಚಿಕ್ಕ ಬುಕ್

ನನ್ನ ಮನಸ್ಸು ಇರುವುದು ಇಲ್ಲಿ. ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ.

1997ರ ಮೇ 11. ನ್ಯೂಯಾರ್ಕ್. ಐಬಿಎಂನ ಕಂಪ್ಯೂಟರ್ ಡೀಪ್ ಬ್ಲೂ ಮತ್ತು ವಿಶ್ವ ಚಾಂಪಿಯನ್ ಕಾಸ್ಪರೋವ್ ನಡುವಿನ ಆರನೇ, ಕೊನೆಯ ಆಟ. ಅಲ್ಲಿಯವರೆಗೆ ಇಬ್ಬರಿಗೂ ಎರಡೂವರೆ ಅಂಕ. ಕಾಸ್ಪರೋವ್ ಕಪ್ಪು ಕಾಯಿಯಲ್ಲಿ ಕ್ಯಾರೋ-ಕಾನ್ ಆಡಿದರು. ಏಳನೇ ನಡೆಗೆ ಕಾಲಾಳನ್ನು ಎಚ್6ಗೆ ತಳ್ಳಿ ಜಿ5ರಲ್ಲಿದ್ದ ಕುದುರೆಯನ್ನು ಗದರಿಸಿದರು. ಡೀಪ್ ಬ್ಲೂ ಕುದುರೆಯನ್ನು ಹಿಂದೆ ತರಲಿಲ್ಲ. ನೇರವಾಗಿ ಇ6ರ ಕಾಲಾಳನ್ನು ಹೊಡೆದು ಕುದುರೆಯನ್ನೇ ಬಲಿ ಕೊಟ್ಟಿತು.

ಆ ಬಲಿ ಲೆಕ್ಕ ಹಾಕಿ ಕೊಟ್ಟದ್ದಲ್ಲ. ಬುಕ್ಕಿನಲ್ಲಿ ಇತ್ತು. ಅದಕ್ಕೆ ಪ್ರತಿಫಲ ಸಿಗುವುದು ಎಷ್ಟೋ ನಡೆ ಆದ ಮೇಲೆ. ಆ ಕಾಲದ ಎಂಜಿನ್‌ಗಳು ಅಷ್ಟು ದೂರದ ಭರವಸೆಗೆ ಒಂದು ಕುದುರೆ ಕೊಡುತ್ತಿರಲಿಲ್ಲ. ಮನುಷ್ಯರ ಥಿಯರಿ ಮಾತ್ರ ಅದು ಒಳ್ಳೆಯ ಬಲಿ ಅಂತ ಆಗಲೇ ತೀರ್ಮಾನಿಸಿತ್ತು. 19ನೇ ನಡೆಗೆ ಕಾಸ್ಪರೋವ್ ಕೈಚೆಲ್ಲಿದರು. ಪಂದ್ಯ ಮೂರೂವರೆ-ಎರಡೂವರೆ.

ಆ ಬುಕ್ ಎಷ್ಟು ದೊಡ್ಡದಿತ್ತು ಗೊತ್ತಾ? ಸುಮಾರು 4,000 ಪೊಸಿಷನ್ (ಹಲಗೆಯ ಮೇಲೆ ಕಾಯಿಗಳು ನಿಂತ ಸ್ಥಿತಿ). ಅಷ್ಟೇ. ಗ್ರ್ಯಾಂಡ್‌ಮಾಸ್ಟರ್ ಜೋಯಲ್ ಬೆಂಜಮಿನ್ ಮುಖ್ಯವಾಗಿ ಕೂತು ಕಟ್ಟಿದ್ದರು. ನಿಕ್ ಡಿ ಫರ್ಮಿಯನ್, ಜಾನ್ ಫೆಡೊರೊವಿಚ್, ಮಿಗೆಲ್ ಇಯೆಸ್ಕಾಸ್ ಜೊತೆಗಿದ್ದರು. ಆ ಎಂಜಿನ್ ಯಾವ ಥರದ ಪೊಸಿಷನ್‌ನಲ್ಲಿ ಚೆನ್ನಾಗಿ ಆಡುತ್ತದೆ ಅಂತ ನೋಡಿ ನೋಡಿ ಆರಿಸಿದ ಗೆರೆಗಳು (ನಡೆಗಳ ಸಾಲುಗಳು) ಅವು.

ನಿಮಗೆ ಗ್ರ್ಯಾಂಡ್‌ಮಾಸ್ಟರ್ ಬೇಡ. ಇನ್ನೂರು ಮುನ್ನೂರು ಪೊಸಿಷನ್ ಸಾಕು. ಬಿಳಿಗೆ ಒಂದು ಓಪನಿಂಗ್, ಕಪ್ಪಿಗೆ ಇ4 ಬಂದರೆ ಒಂದು, ಡಿ4 ಬಂದರೆ ಒಂದು. ಆರಿಸುವಾಗ ಎಂಜಿನ್‌ನ ಸ್ವಭಾವ ನೋಡಿ. ಹತ್ತು ಹನ್ನೆರಡು ನಡೆ ಆಳಕ್ಕೆ ಹೋಗುವ ಎಂಜಿನ್‌ಗೆ ಕಾಯಿ ಓಡಾಡಲು ಜಾಗ ಇರುವ ತೆರೆದ ಆಟ ಒಗ್ಗುತ್ತದೆ. ಇಟಾಲಿಯನ್, ಸ್ಕಾಚ್ ಇಂಥವು. ಕಿಂಗ್ಸ್ ಇಂಡಿಯನ್ ಕೊಡಬೇಡಿ. ಅಲ್ಲಿ ಕಪ್ಪಿನ ಜೀವ ಇರುವುದೇ ಎಫ್ ಕಾಲಾಳನ್ನು ತಳ್ಳಿ ರಾಜನ ಮೇಲೆ ನಿಧಾನವಾಗಿ ಮುತ್ತಿಗೆ ಹಾಕುವುದರಲ್ಲಿ. ಆ ಮುತ್ತಿಗೆ ಎಂಜಿನ್‌ನ ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ. ಮುಚ್ಚಿದ ಆಟದಲ್ಲಿ ಕಂಪ್ಯೂಟರ್ ದಾರಿ ತಪ್ಪುತ್ತದೆ ಅಂತ ಗೊತ್ತಿದ್ದ ಆಟಗಾರರು ಹಿಂದೆ ಅದರ ಎದುರು ಬೇಕಂತಲೇ ಸ್ಟೋನ್‌ವಾಲ್ ಅನ್ನುವ ಕಾಲಾಳುಗಳ ಗೋಡೆ ಕಟ್ಟುತ್ತಿದ್ದರು.

ಗೆರೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ಯಾವ ಗೆರೆ ಅನ್ನುವಷ್ಟೇ ಮುಖ್ಯ. ನಾನು ಮಾಡುವುದು ಹೀಗೆ. ಪ್ರತಿ ಗೆರೆಯ ಕೊನೆಯ ಪೊಸಿಷನ್ ಇಟ್ಟು ಎಂಜಿನ್‌ಗೆ ಒಂದು ನಿಮಿಷ ಯೋಚಿಸಲು ಬಿಡುತ್ತೇನೆ. ಅದು ಆರಿಸಿದ ನಡೆ ಥಿಯರಿಯಲ್ಲೂ ಇದ್ದರೆ ಅಲ್ಲೇ ನಿಲ್ಲಿಸುತ್ತೇನೆ. ಇಲ್ಲದಿದ್ದರೆ ಇನ್ನೊಂದೆರಡು ನಡೆ ಸೇರಿಸಿ ಮತ್ತೆ ನೋಡುತ್ತೇನೆ. ಆಗಲೂ ಎಂಜಿನ್ 'ನಾನು ಸೋಲುತ್ತಿದ್ದೇನೆ' ಅನ್ನುವ ಅಂಕಿ ತೋರಿಸಿದರೆ ಆ ಗೆರೆಯನ್ನೇ ಕಿತ್ತುಹಾಕುತ್ತೇನೆ, ಅದು ಎಷ್ಟೇ ಹೆಸರಾಂತ ಓಪನಿಂಗ್ ಆಗಿರಲಿ. ಮೊರಾ ಗ್ಯಾಂಬಿಟ್ ಹೋದದ್ದು ಹೀಗೆ. ಗ್ಯಾಂಬಿಟ್ ಕೆಟ್ಟದ್ದು ಅಂತಲ್ಲ. ನನ್ನ ಎಂಜಿನ್‌ಗೆ ಒಗ್ಗಲಿಲ್ಲ.

ಸಾವಿರಾರು ಆಟಗಳಿಂದ ತೆಗೆದ ದೊಡ್ಡ ಬುಕ್

ಇದು ಸುಲಭದ ದಾರಿ. ಪಿಜಿಎನ್ (ಆಟದ ನಡೆಗಳನ್ನು ಬರೆದಿಡುವ ರೀತಿ) ಫೈಲ್‌ನಲ್ಲಿ ಆಟಗಳನ್ನು ಕೊಟ್ಟರೆ ಪಾಲಿಗ್ಲಾಟ್ ಅನ್ನುವ ಟೂಲ್ ಬುಕ್ ಮಾಡಿಕೊಡುತ್ತದೆ. ಫ್ರಾನ್ಸ್‌ನ ಫೇಬಿಯನ್ ಲೆಟೂಝೆ ಬರೆದದ್ದು. ಅದರ ಫೈಲ್ ರೀತಿ ಎಷ್ಟು ಸರಳ ಅಂದರೆ ಇವತ್ತಿಗೂ ಎಲ್ಲ ಕಡೆ ನಡೆಯುತ್ತದೆ. ಒಂದೊಂದು ನಡೆಗೆ 16 ಬೈಟ್. ಪೊಸಿಷನ್‌ನ ಗುರುತಿಗೆ 8, ನಡೆಗೆ 2, ವೇಟ್‌ಗೆ (ಆ ನಡೆಯ ತೂಕ) 2, ಕಲಿಕೆಗೆ ಅಂತ ಬಿಟ್ಟಿರುವುದು 4. ಹತ್ತು ಲಕ್ಷ ನಡೆ ಇದ್ದರೂ ಫೈಲ್ 16 ಎಂಬಿ ಅಷ್ಟೇ. ಗುರುತು ಪೊಸಿಷನ್‌ದು, ನಡೆಗಳ ಸಾಲಿನದ್ದಲ್ಲ. ಹಾಗಾಗಿ ಬೇರೆ ದಾರಿಯಲ್ಲಿ ಬಂದು ಅದೇ ಪೊಸಿಷನ್ ಸೇರಿದರೂ ಬುಕ್‌ಗೆ ಗುರುತು ಸಿಗುತ್ತದೆ.

ಪಾಲಿಗ್ಲಾಟ್ ಓದುವ ಕೋಡ್ ನೀವೇ ಬರೆಯುತ್ತಿದ್ದರೆ ಎರಡು ಕಡೆ ಹುಷಾರು. ಕ್ಯಾಸ್ಲಿಂಗ್ ಅಂದರೆ ರಾಜ ಇ1ರಿಂದ ಜಿ1ಗೆ ಅಂತ ಅದರಲ್ಲಿ ಬರೆದಿರುವುದಿಲ್ಲ. ಇ1ರಿಂದ ಎಚ್1ಗೆ, ಅಂದರೆ ರಾಜ ತನ್ನದೇ ಆನೆಯನ್ನು ಹೊಡೆದಂತೆ ಬರೆದಿರುತ್ತದೆ. ಎರಡನೆಯದು ಆನ್‌ಪಾಸಾ, ಅಂದರೆ ಎರಡು ಮನೆ ಹಾರಿದ ಕಾಲಾಳನ್ನು ಪಕ್ಕದಲ್ಲಿರುವ ಎದುರಾಳಿ ಕಾಲಾಳು ಹೊಡೆಯುವ ನಿಯಮ. ಹೊಡೆಯಬಲ್ಲ ಕಾಲಾಳು ನಿಜಕ್ಕೂ ಪಕ್ಕದಲ್ಲಿ ನಿಂತಿದ್ದರೆ ಮಾತ್ರ ಪೊಸಿಷನ್‌ನ ಗುರುತಿಗೆ ಅದನ್ನು ಸೇರಿಸಬೇಕು. ನಾನು ಪ್ರತಿ ಎರಡು ಮನೆ ನಡೆಗೂ ಸೇರಿಸಿದ್ದೆ. ಎದುರಾಳಿ ಇ4 ಆಡಿದ ತಕ್ಷಣ ನನ್ನ ಎಂಜಿನ್‌ಗೆ ಬುಕ್ಕಿನಲ್ಲಿ ಏನೂ ಕಾಣುತ್ತಿರಲಿಲ್ಲ. ಕುದುರೆಯಿಂದ ಶುರು ಮಾಡಿದರೆ ಮಾತ್ರ ಎಲ್ಲ ಸರಿ. ಎರಡು ರಾತ್ರಿ ಹೋಯಿತು ಅದನ್ನು ಹುಡುಕುವುದಕ್ಕೆ. ಪೈಥಾನ್‌ನಲ್ಲಿ ಬರೆಯುವವರಿಗೆ ಈ ಕಷ್ಟ ಇಲ್ಲ. ಪೈಥಾನ್-ಚೆಸ್ ಲೈಬ್ರರಿಯಲ್ಲಿ ಎಲ್ಲ ಸಿದ್ಧ ಇದೆ.

ಈಗ ಬುಕ್ಕಿನ ಒಳಗಿನ ವಿಷಯ. ಪಾಲಿಗ್ಲಾಟ್ ಒಂದು ನಡೆಗೆ ವೇಟ್ ಕೊಡುವ ಲೆಕ್ಕ ಇದು: ಗೆದ್ದ ಆಟಕ್ಕೆ ಎರಡು, ಡ್ರಾ ಆದ ಆಟಕ್ಕೆ ಒಂದು. ಅಂದರೆ ಜಾಸ್ತಿ ಆಡಿದ ನಡೆಗೆ ಜಾಸ್ತಿ ವೇಟ್. ಮೇಲ್ನೋಟಕ್ಕೆ ಸರಿಯೇ. ಆದರೆ ಒಂದು ನಡೆಯನ್ನು ಮೂವತ್ತು ವರ್ಷ ಎಲ್ಲರೂ ಆಡಿದರು, ಆಮೇಲೆ ಯಾರೋ ಅದಕ್ಕೆ ಮದ್ದು ಕಂಡುಹಿಡಿದರು, ಅಲ್ಲಿಗೆ ಆಡುವುದನ್ನೇ ನಿಲ್ಲಿಸಿದರು ಅಂದುಕೊಳ್ಳಿ. ಬುಕ್ಕಿಗೆ ಆ ಮೂವತ್ತು ವರ್ಷ ಮಾತ್ರ ಕಾಣುತ್ತದೆ. ಗೆದ್ದವರು ಗೆದ್ದದ್ದು ಓಪನಿಂಗ್‌ನಿಂದಲೋ, ಎದುರಾಳಿ ದುರ್ಬಲ ಇದ್ದದ್ದರಿಂದಲೋ, ಅದೂ ಅದಕ್ಕೆ ತಿಳಿಯದು. ಒಬ್ಬರು ನಲವತ್ತನೇ ನಡೆಯಲ್ಲಿ ಗಡಿಯಾರ ನೋಡದೆ ಸೋತಿದ್ದರೂ ಅದರ ಹೊರೆ ಪಾಪ ಮೂರನೇ ನಡೆಯ ಮೇಲೆ ಬೀಳುತ್ತದೆ.

ಲಿಚೆಸ್ ಅನ್ನುವ ಆನ್‌ಲೈನ್ ಚೆಸ್ ತಾಣದವರು ಪ್ರತಿ ತಿಂಗಳ ಎಲ್ಲ ರೇಟೆಡ್ ಆಟಗಳನ್ನೂ ಉಚಿತವಾಗಿ ಕೊಡುತ್ತಾರೆ. ದೊಡ್ಡ ಮನಸ್ಸಿನ ಕೆಲಸ ಅದು. ಆದರೆ ಹಾಗೇ ತೆಗೆದು ಬುಕ್ ಮಾಡಬೇಡಿ. ಎರಡನೇ ನಡೆಗೇ ರಾಣಿಯನ್ನು ಎಚ್5ಗೆ ತಂದು ನಾಲ್ಕನೇ ನಡೆಗೆ ಮೇಟ್ ಮಾಡಲು ನೋಡುವ ಆಟಗಳು ಅದರಲ್ಲಿ ರಾಶಿ ಇವೆ. ಇಬ್ಬರ ರೇಟಿಂಗೂ 2200 ಮೇಲಿರಲಿ. ಬುಲೆಟ್ (ಒಂದೆರಡು ನಿಮಿಷದ) ಆಟಗಳನ್ನು ತೆಗೆದುಹಾಕಿ. ಒಂದು ನಡೆ ಇಷ್ಟು ಆಟಗಳಲ್ಲಾದರೂ ಬಂದಿರಬೇಕು ಅಂತ ಪಾಲಿಗ್ಲಾಟ್‌ನಲ್ಲಿ ಕನಿಷ್ಠ ಸಂಖ್ಯೆ ಇಡಬಹುದು. ಅದನ್ನು ಇಪ್ಪತ್ತಕ್ಕೋ ಮೂವತ್ತಕ್ಕೋ ಏರಿಸಿ. ಎಷ್ಟು ನಡೆಯವರೆಗೆ ಅನ್ನುವುದನ್ನೂ ಮಿತಿ ಮಾಡಿ. ಎಂಟು ಹತ್ತು ನಡೆ ಧಾರಾಳ ಆಯಿತು.

ಇಷ್ಟೆಲ್ಲ ಹೇಳಿದರೂ ದೊಡ್ಡ ಬುಕ್‌ಗೆ ಒಂದು ಗುಣ ಇದೆ. ಮನುಷ್ಯರ ಜೊತೆ ಆಡಿಸುವುದಾದರೆ ಅಷ್ಟು ವೈವಿಧ್ಯ ಇನ್ನೆಲ್ಲೂ ಸಿಗುವುದಿಲ್ಲ. ಇವತ್ತು ಡಚ್, ನಾಳೆ ಪೆಟ್ರೊವ್. ಎದುರು ಕೂತವರಿಗೆ ದಿನವೂ ಹೊಸ ಪಾಠ. ನಡೆಯನ್ನು ವೇಟ್‌ಗೆ ತಕ್ಕಂತೆ ಚೀಟಿ ಎತ್ತಿದ ಹಾಗೆ ಆರಿಸಲಿ. ಯಾವಾಗಲೂ ಮೇಲಿನದನ್ನೇ ತೆಗೆದುಕೊಂಡರೆ ಮತ್ತೆ ಒಂದೇ ಆಟ.

ಅಪ್ಪಣೆ ಅಲ್ಲ, ಸುಳಿವು

ಡೀಪ್ ಬ್ಲೂ ಬಗ್ಗೆ ಹೇಳುವಾಗ ಜನ ಆ 4,000 ಪೊಸಿಷನ್ ನೆನಪಿಸಿಕೊಳ್ಳುತ್ತಾರೆ. ಅದರ ಜೊತೆಗಿದ್ದ ಇನ್ನೊಂದು ವ್ಯವಸ್ಥೆ ನನಗೆ ಅದಕ್ಕಿಂತ ಇಷ್ಟ. ಗ್ರ್ಯಾಂಡ್‌ಮಾಸ್ಟರ್‌ಗಳು ಆಡಿದ ಏಳು ಲಕ್ಷ ಆಟಗಳನ್ನು ಅದಕ್ಕೆ ಕೊಟ್ಟಿದ್ದರು. ಆದರೆ 'ಇದನ್ನೇ ಆಡು' ಅಂತಲ್ಲ. ಕೈಯಾರೆ ಕಟ್ಟಿದ ಬುಕ್ ಮುಗಿದ ಮೇಲೂ ಆ ಪೊಸಿಷನ್ ಹಳೆಯ ಆಟಗಳಲ್ಲಿ ಬಂದಿದ್ದರೆ, ಅಲ್ಲಿ ಆಡಿದ ನಡೆಗಳಿಗೆ ಸ್ವಲ್ಪ ಹೆಚ್ಚುವರಿ ಅಂಕ ಸಿಗುತ್ತಿತ್ತು. ಎಷ್ಟು ಸಲ ಆಡಿದ್ದಾರೆ, ಆಡಿದವರು ಎಷ್ಟು ಗಟ್ಟಿಗರು, ಇತ್ತೀಚಿನದಾ, ಫಲಿತಾಂಶ ಏನಾಯಿತು ಅನ್ನುವುದರ ಮೇಲೆ ಆ ಅಂಕ. ಆಮೇಲೆ ಎಂಜಿನ್ ತಾನೇ ಲೆಕ್ಕ ಹಾಕುತ್ತಿತ್ತು. ಲೆಕ್ಕದಲ್ಲಿ ನಡೆ ಕೆಟ್ಟದ್ದು ಅಂತ ಕಂಡರೆ ಬಿಡಬಹುದಿತ್ತು.

ನನ್ನ ಎಂಜಿನ್‌ನಲ್ಲಿ ಈಗ ಇರುವುದು ಇದೇ, ಚಿಕ್ಕ ಪ್ರಮಾಣದಲ್ಲಿ. ಕೈಬುಕ್ ಮುಗಿದ ಮೇಲೆ ದೊಡ್ಡ ಪಾಲಿಗ್ಲಾಟ್ ಫೈಲ್ ತೆರೆಯುತ್ತದೆ. ಅಲ್ಲಿ ಸಿಕ್ಕ ನಡೆಗಳಿಗೆ ಕಾಲಾಳಿನ ಹತ್ತನೇ ಒಂದು ಭಾಗದಷ್ಟು ಅಂಕ ಸೇರಿಸುತ್ತದೆ, ಅದಕ್ಕಿಂತ ಜಾಸ್ತಿ ಇಲ್ಲ. ಲೆಕ್ಕದ ಮರದ ಮೊದಲ ಹಂತದಲ್ಲಿ, ಅಂದರೆ ಈಗ ಆಡಬೇಕಾದ ನಡೆಗೆ ಮಾತ್ರ. ಕೋಡ್ ಮೂವತ್ತು ಸಾಲು ಕೂಡ ಆಗಲಿಲ್ಲ. ಒಗ್ಗದ ಗ್ಯಾಂಬಿಟ್‌ಗಳಿಂದ ತಾನೇ ದೂರ ಉಳಿಯುತ್ತದೆ, ಎರಡು ನಡೆ ಸಮ ಇದ್ದರೆ ಮನುಷ್ಯರು ಆಡಿದ್ದನ್ನು ಆರಿಸುತ್ತದೆ. ಸ್ವಂತ ಎಂಜಿನ್ ಬರೆಯುವವರು ಒಂದೇ ಒಂದು ದಾರಿ ಕೇಳಿದರೆ ನಾನು ಕೈಬುಕ್ ಮತ್ತು ಇದನ್ನು ಒಟ್ಟಿಗೆ ಹೇಳುತ್ತೇನೆ.

ಬೇರೆಯವರ ಎಂಜಿನ್ ಬಳಸುತ್ತಿರುವವರಿಗೆ ಇದು ಸಾಧ್ಯವಿಲ್ಲ. ಅವರು ಚೆಸ್ ಪ್ರೋಗ್ರಾಮಿನಲ್ಲೋ ಲಿಚೆಸ್ ಬಾಟ್‌ನಲ್ಲೋ ಬುಕ್ ಫೈಲ್ ಜೋಡಿಸಿಕೊಂಡರೆ ಸಾಕು. ಎಂಜಿನ್‌ಗೆ ತನ್ನದೇ ಬುಕ್ ಇದ್ದರೆ ಎರಡರಲ್ಲಿ ಒಂದನ್ನು ಆಫ್ ಮಾಡಿ.

ಎಂಜಿನ್‌ಗಳೇ ಮಾಡಿದ ಬುಕ್

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಥಾಮಸ್ ಜಿಪ್ರೋಟ್ ಅವರ ಸೆರಬೆಲ್ಲಮ್ ಇಂಥದ್ದು. ಸ್ಟಾಕ್‌ಫಿಶ್‌ನಿಂದ ಪೊಸಿಷನ್‌ಗಳನ್ನು ಆಳವಾಗಿ ಲೆಕ್ಕ ಹಾಕಿಸಿ ಮರದ ಹಾಗೆ ಜೋಡಿಸಿದ್ದು. ಗೆಲ್ಲುವುದೊಂದೇ ಗುರಿ ಆದರೆ, ಎಂಜಿನ್ ಕೂಡ ಸ್ಟಾಕ್‌ಫಿಶ್ ಜಾತಿಯದೇ ಆದರೆ ಇದು ಬಹಳ ಗಟ್ಟಿ. ಚಿಕ್ಕ ಎಂಜಿನ್‌ಗೆ ಕೊಟ್ಟರೆ ಮೊರಾ ಗ್ಯಾಂಬಿಟ್ ಕಥೆಯೇ ಮರುಕಳಿಸುತ್ತದೆ. ಹದಿನೈದು ನಡೆ ಸ್ಟಾಕ್‌ಫಿಶ್ ಆಡುತ್ತದೆ, ಹದಿನಾರನೇ ನಡೆಯಿಂದ ನಿಮ್ಮದು ಶುರು.

ಮನುಷ್ಯರ ಹಾಗೇ ಆಡುವ ಎಂಜಿನ್ ಬೇಕು ಅನ್ನುವವರು ಬುಕ್ ಬಿಟ್ಟು ಮಾಯಾ ಕಡೆ ನೋಡಿ. 1100ರಿಂದ 1900ರವರೆಗಿನ ಬೇರೆ ಬೇರೆ ರೇಟಿಂಗ್‌ನವರು ಲಿಚೆಸ್‌ನಲ್ಲಿ ಆಡಿದ ಆಟಗಳಿಂದ ಕಲಿಸಿದ ನ್ಯೂರಲ್ ನೆಟ್‌ವರ್ಕ್ ಅದು. 1300ರವರು ಮಾಡುವ ತಪ್ಪನ್ನೂ ಅವರ ಹಾಗೇ ಮಾಡುತ್ತದೆ. ಕಲಿಯುವ ಮಕ್ಕಳಿಗೆ ಇದು ಬಹಳ ಒಳ್ಳೆಯದು.

ಪರೀಕ್ಷೆಗೆ ಬೇಕಾದ ಬುಕ್ ಬೇರೆಯೇ

ಕೋಡ್ ಬದಲಾಯಿಸಿದ್ದೀರಿ. ಹಳೆಯದಕ್ಕಿಂತ ಹೊಸದು ಗಟ್ಟಿಯಾಯಿತಾ ಅಂತ ನೋಡಬೇಕು. ಇಲ್ಲಿ ನೀವು ಆಟಕ್ಕೆ ಬಳಸುವ ಬುಕ್ ಕೊಡಬೇಡಿ. ಕೊಟ್ಟರೆ ಹತ್ತಾರು ಆಟ ಒಂದೇ ಥರ ಬರುತ್ತವೆ.

ಗಟ್ಟಿ ಎಂಜಿನ್‌ಗಳಿಗೆ ಇನ್ನೊಂದು ಸಮಸ್ಯೆ ಇದೆ. ಸಮಬಲದ ಓಪನಿಂಗ್ ಕೊಟ್ಟರೆ ಎಲ್ಲವೂ ಡ್ರಾ. ಡ್ರಾದಿಂದ ಏನೂ ತಿಳಿಯುವುದಿಲ್ಲ. ಅದಕ್ಕೇ ಸ್ಟೆಫಾನ್ ಪೋಲ್ 'ಅನ್‌ಬ್ಯಾಲೆನ್ಸ್ಡ್ ಹ್ಯೂಮನ್ ಓಪನಿಂಗ್ಸ್' ಅನ್ನುವ ಸಂಗ್ರಹ ಮಾಡಿದರು. ಮನುಷ್ಯರು ನಿಜಕ್ಕೂ ಆಡಿದ ಓಪನಿಂಗ್‌ಗಳೇ, ಆದರೆ ಬಿಳಿಗೆ ಬೇಕಂತಲೇ ಸ್ವಲ್ಪ ಜಾಸ್ತಿ ಲಾಭ ಇರುವಂಥವು. ಗೆಲುವು ಸೋಲಿನ ಅಂಚಿನಲ್ಲಿ ನಿಲ್ಲುವಷ್ಟು. ಪ್ರತಿ ಓಪನಿಂಗನ್ನೂ ಬಣ್ಣ ಬದಲಾಯಿಸಿ ಎರಡು ಸಲ ಆಡಿಸುತ್ತಾರೆ. ಹಾಗಾಗಿ ಯಾರಿಗೂ ಮೋಸ ಇಲ್ಲ. ಸ್ಟಾಕ್‌ಫಿಶ್‌ನವರ ಪರೀಕ್ಷೆಗಳಲ್ಲೂ ಇಂಥ ಬುಕ್ ಬಳಸುತ್ತಾರೆ. ಟಿಸಿಇಸಿ ಪಂದ್ಯಾವಳಿಯಲ್ಲೂ ಎಂಜಿನ್‌ಗಳು ತಮ್ಮ ಬುಕ್ ತರುವ ಹಾಗಿಲ್ಲ. ಯೆರೂನ್ ನೂಮೆನ್ ಅವರಂಥ ಪಳಗಿದವರು ಆರಿಸಿಕೊಟ್ಟ ಓಪನಿಂಗ್‌ಗಳನ್ನು ಎರಡೂ ಕಡೆಯಿಂದ ಆಡಬೇಕು.

ಚಿಕ್ಕ ಎಂಜಿನ್‌ಗೆ ಇಷ್ಟು ವಾಲಿದ ಓಪನಿಂಗ್ ಬೇಡ. ಅದು ತಪ್ಪು ಮಾಡಿ ಗೆಲುವು ಸೋಲು ತಾನಾಗಿಯೇ ತರುತ್ತದೆ. ಎಂಟು ನಡೆಯ ಸಮಬಲದ ಸಾಮಾನ್ಯ ಸಂಗ್ರಹ ಸಾಕು. ಬಣ್ಣ ಬದಲಾಯಿಸಿ ಎರಡು ಸಲ ಆಡಿಸುವುದನ್ನು ಮಾತ್ರ ತಪ್ಪಿಸಬೇಡಿ. ಮತ್ತೆ, 200 ಆಟ ಆಡಿಸಿ ಸಂತೋಷ ಪಡಬೇಡಿ. ಅಷ್ಟರಲ್ಲಿ ಫಲಿತಾಂಶ ಹೆಚ್ಚು ಕಡಿಮೆ 40 ಎಲೋ (ರೇಟಿಂಗ್ ಅಂಕ) ಆಚೀಚೆ ತೂಗಾಡಬಹುದು. ಬುಕ್ ಇರುವ ಎಂಜಿನ್, ಬುಕ್ ಇಲ್ಲದ ಎಂಜಿನ್ ಹೋಲಿಸುವಾಗಲೂ ಇದೇ ಮಾತು.

ಆಟಗಳನ್ನು ಎಣಿಸುವುದರ ಜೊತೆಗೆ ಇನ್ನೊಂದು ಕೆಲಸ ಮಾಡಿ. ಬುಕ್ ಮುಗಿದ ಮೇಲಿನ ಮೊದಲ ನಡೆ ಯಾವುದು ಅಂತ ಎಂಜಿನ್ ಒಂದು ಫೈಲ್‌ಗೆ ಬರೆದಿಡಲಿ, ಆಗ ತೋರಿಸಿದ ಅಂಕಿಯ ಸಮೇತ. ಭಾನುವಾರ ಬೆಳಿಗ್ಗೆ ಕಾಫಿ ಹಿಡಿದುಕೊಂಡು ಆ ಫೈಲ್ ಓದಿ. ನನ್ನದರಲ್ಲಿ ಕಳೆದ ವಾರ ಹದಿನೇಳು ಕಡೆ ಕುದುರೆ ಬಂದ ದಾರಿಯಲ್ಲೇ ವಾಪಸ್ ಹೋಗಿತ್ತು. ಅದರಲ್ಲಿ ಹನ್ನೊಂದು ಒಂದೇ ಗೆರೆಯಿಂದ ಬಂದದ್ದು. ಸ್ಕಾಚ್‌ನ ಒಂದು ಕವಲು, ಒಂಬತ್ತನೇ ನಡೆ. ಅಲ್ಲಿಗೆ ಇನ್ನೆರಡು ನಡೆ ಸೇರಿಸಿ, ಅಣ್ಣನ ಮಗನನ್ನು ಕರೆದು ಎದುರಿಗೆ ಕೂರಿಸಿದ್ದೇನೆ.